ಇಳಕಲ್ಲಿಗೆ ಹದಿಮೂರು ಕಿಲೋಮೀಟರ್ ಬಾಕಿ

ಡಿಸೆಂಬರ್ ಮೊದಲ ವಾರ. ಬೆಳಗಾವಿಯಿಂದ ಬೆಂಗಳೂರಿಗೆ ಸೈಕಲ್ ಮೇಲೆ ಹೊರಟಿದ್ದ ನಮ್ಮ ಹದಿನಾಲ್ಕು ಜನರ ಗುಂಪಿಗೆ ಅದು ಮೂರನೇ ದಿನ. ಬಾಗಲಕೋಟೆಯಿಂದ ಗುಳೇದಗುಡ್ಡ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ ದಾಟಿ ಇಳಕಲ್. ಒಟ್ಟು 120 ಕಿ.ಮೀ. ಆಸುಪಾಸು. ಮ್ಯಾಪಿನಲ್ಲಿ ನೋಡಿದ್ರೆ ಇಡೀ ಪ್ರವಾಸದಲ್ಲೇ ಚೆಂದದ ದಿನ ಇದು. ತುಳಿದು ನೋಡಿದ್ರೆ ಅತಿ ಉದ್ದದ ದಿನ.

ಈ ಯಾನ ಯಾಕೆ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ಚರ್ಚ್ ಗೆಳೆಯರು ಸೇರಿ ಮಾಡಿದ ಗುಂಪು ನಮ್ಮದು. ಸೀಳು ತುಟಿ, ಸೀಳು ಅಂಗುಳ ಇರುವ ಮಕ್ಕಳಿಗಾಗಿ ದುಡ್ಡು ಕೂಡಿಸ್ತಿದ್ದೀವಿ. ಸುಮಾರು 700 ಹುಟ್ಟಿಗೆ ಒಂದು ಮಗು ಹೀಗೆ ಹುಟ್ಟುತ್ತೆ ಅಂತ ವೈದ್ಯರ ಲೆಕ್ಕ. ನಮ್ಮ ಕಡೆ ಇವತ್ತಿಗೂ 'ಗ್ರಹಣದಾಗ ಬಸುರಿ ತರಕಾರಿ ಹೆಚ್ಚಿದ್ಲು' ಅಂತ ತಾಯಿಯ ತಲೆಗೇ ಕಟ್ಟುತ್ತಾರೆ. ಆಪರೇಷನ್ ಎಷ್ಟೋ ಕಡೆ ಉಚಿತ. ಆದ್ರೂ ಜನ ಬರೋದಿಲ್ಲ. ಯಾಕಂದ್ರೆ ಬಸ್ ಚಾರ್ಜ್, ಆಸ್ಪತ್ರೆ ಹೊರಗಿನ ಊಟ, ವಾರಗಟ್ಟಲೆ ತಪ್ಪುವ ಕೂಲಿ, ಆಮೇಲೆ ತಿಂಗಳುಗಟ್ಟಲೆ ಮಾತು ಕಲಿಸುವ ಥೆರಪಿಗೆ ಓಡಾಟ, ಇವ್ಯಾವುವೂ ಉಚಿತ ಅಲ್ಲ. ನಮ್ಮ ದುಡ್ಡು ಹೋಗೋದು ಅಲ್ಲಿಗೆ. ಒಬ್ಬೊಬ್ಬ ಸವಾರನಿಗೂ ಅವನ ಪರಿಚಯದವರು ಕಿಲೋಮೀಟರಿಗೆ ಇಷ್ಟು ಅಂತ ಮಾತು ಕೊಟ್ಟಿರ್ತಾರೆ. ತುಳಿದಷ್ಟೇ ದುಡ್ಡು.

'ರಜೆ ಹಾಕಿ, ಖರ್ಚು ಮಾಡಿ ತುಳಿಯೋ ಬದಲು ಆ ದುಡ್ಡನ್ನೇ ಕಳಿಸಬಾರದಾ?' ಅಂತ ಆಫೀಸಿನಲ್ಲಿ ಕೇಳಿದ್ರು. ಎಂಜಿನಿಯರಿಗೆ ಸಹಜವಾದ ಪ್ರಶ್ನೆ, ನಾನೂ ಎಕ್ಸೆಲ್ ಹಾಕಿ ನೋಡಿದ್ದೆ. ನನ್ನೊಬ್ಬನ ಲೆಕ್ಕದಲ್ಲಿ ಅವರು ಹೇಳೋದೇ ಸರಿ. ಆದ್ರೆ ಸುಮ್ಮನೆ ಕೇಳಿದ್ರೆ ನೂರು ರೂಪಾಯಿ ಕೊಡದ ನಮ್ಮ ಟೀಮ್ ಲೀಡ್, ನಾನು ಒದ್ದಾಡೋದನ್ನ ನೋಡಲಿಕ್ಕೆ ಕಿಲೋಮೀಟರಿಗೆ ಹತ್ತು ರೂಪಾಯಿ ಒಪ್ಪಿಕೊಂಡ. ಅಮೆರಿಕ, ಕೆನಡಾದ ರಿಫಾರ್ಮ್ಡ್ ಚರ್ಚಿನವರು 2005, 2008, 2013ರಲ್ಲಿ 'ಸೀ ಟು ಸೀ' ಅಂತ ಒಂದು ಸಾಗರದ ದಡದಿಂದ ಇನ್ನೊಂದರ ದಡದವರೆಗೆ ತುಳಿದು ಬಡತನದ ವಿರುದ್ಧ ದುಡ್ಡು ಕೂಡಿಸಿದ್ದೂ ಇದೇ ಉಪಾಯದ ಮೇಲೆ.

ಐದೂವರೆಗೆ ನವನಗರದಲ್ಲಿ ಎಲ್ಲರೂ ಸೈಕಲ್ ಹಿಡಿದು ವೃತ್ತವಾಗಿ ನಿಂತೆವು. ನಮ್ಮ ಕ್ಯಾಪ್ಟನ್ ಅಕ್ಕ ವೃತ್ತಿಯಲ್ಲಿ ನರ್ಸ್. ಎರಡು ನಿಮಿಷದ ಪ್ರಾರ್ಥನೆ, ಆಮೇಲೆ ನಾಲ್ಕು ನಿಯಮ: ಹೆಲ್ಮೆಟ್ ಕಡ್ಡಾಯ, ಒಂದೇ ಸಾಲು, ಕತ್ತಲಾದ ಮೇಲೆ ಸವಾರಿ ಇಲ್ಲ, ಯಾರಿಗೂ ಧರ್ಮದ ಕರಪತ್ರ ಕೊಡೋ ಹಾಗಿಲ್ಲ. ಕೊನೆಯದನ್ನ ದಿನಾ ಹೇಳ್ತಾರೆ. ಕೇಳಿದ್ರೆ ಚರ್ಚಿನವರು ಅಂತ ಮುಚ್ಚುಮರೆ ಇಲ್ಲದೆ ಹೇಳಬೇಕು, ಕೇಳದಿದ್ರೆ ಸುಮ್ಮನೆ ತುಳೀಬೇಕು. ಇದು ನನಗೆ ತುಂಬಾ ಹಿಡಿಸಿದ ನಿಯಮ.

ಬಾಗಲಕೋಟೆ ಬಿಡುವಾಗ ಒಂದು ಕಡೆ ಹಿನ್ನೀರು ಮಬ್ಬಾಗಿ ಹೊಳೀತಿತ್ತು. ಆಲಮಟ್ಟಿ ಅಣೆಕಟ್ಟಿನ ನೀರು ಹಳೇ ಊರಿನ ದೊಡ್ಡ ಪಾಲನ್ನು ನುಂಗಿದ್ದಕ್ಕೇ ಈ ನವನಗರ ಹುಟ್ಟಿದ್ದು. ಅಗಲ ರಸ್ತೆ, ನಂಬರಿನ ಸೆಕ್ಟರು. ಸೈಕಲ್ ಹೊಡೆಯೋರಿಗೆ ಇದಕ್ಕಿಂತ ಒಳ್ಳೇ ಊರು ಉತ್ತರ ಕರ್ನಾಟಕದಲ್ಲಿ ಇಲ್ಲ. ಅದನ್ನ ಮನೆ ಮುಳುಗಿದವರ ಮುಂದೆ ಹೇಳೋದು ಕಷ್ಟ.

ಗುಳೇದಗುಡ್ಡ ನನಗೆ ಬರೀ ಒಂದು ಸ್ಟಾಪ್ ಅಲ್ಲ. ನಮ್ಮ ಮನೆ ಗದಗ-ಬೆಟಗೇರಿ. ನಮ್ಮಜ್ಜ ಹೇಳ್ತಿದ್ದ ಪ್ರಕಾರ ಅವರ ಅಜ್ಜಿ 1876-78ರ ಬರಗಾಲದಲ್ಲಿ ಅನಾಥಳಾಗಿ ಗುಳೇದಗುಡ್ಡದ ಬಾಸೆಲ್ ಮಿಷನ್ನಿನವರ ಕೈ ಸೇರಿದ ಹುಡುಗಿ. ಆಗ ಈ ಸೀಮೆ ಕಲಾದಗಿ ಜಿಲ್ಲೆ. ಜಿಲ್ಲಾಕೇಂದ್ರ ವಿಜಾಪುರಕ್ಕೆ ಹೋದದ್ದು 1885ರಲ್ಲಿ. ಹಸಿವಿನಿಂದ ಊರಿಗೆ ಊರೇ ಗುಳೆ ಎದ್ದ ಕಾಲ. ಕಿಟೆಲ್ ಅವರ 1894ರ ನಿಘಂಟಿನಿಂದಾಗಿ ಬಾಸೆಲ್ ಮಿಷನ್ ಅಂದ್ರೆ ಕನ್ನಡದವರಿಗೆ ಪುಸ್ತಕ ನೆನಪಾಗುತ್ತೆ. ನಮ್ಮ ಮನೆಯಲ್ಲಿ ನೆನಪಾಗೋದು ಗಂಜಿ. ಆ ಹುಡುಗಿಗೆ ಗಂಜಿಯ ಜತೆ ಧರ್ಮವೂ ಬಂತು. ಗಂಜಿಗಾಗಿ ಬದಲಾದಳೋ, ನಂಬಿ ಬದಲಾದಳೋ ಅಂತ ನನ್ನನ್ನ ಕಾಲೇಜಿನಲ್ಲಿ ಕೆಣಕಿದವರಿದ್ದರು. ಏಳೆಂಟು ವರ್ಷದ, ಹಸಿದ ಮಗುವಿಗೆ ಇವೆರಡರ ವ್ಯತ್ಯಾಸ ಗೊತ್ತಿತ್ತಾ ಅಂತ ಅವರನ್ನ ಕೇಳಬೇಕಿತ್ತು. ಬದುಕಿದಳು, ಅದರಿಂದ ನಾವಿದ್ದೀವಿ. ಊರೊಳಗೆ ಎಲ್ಲೋ ಮಗ್ಗದ ಖಟಖಟ ಕೇಳ್ತಿತ್ತು. ಗುಳೇದಗುಡ್ಡದ ಖಣ ನೇಯೋ ಮನೆ ಇರಬೇಕು. ಬಿಸಿ ಉಪ್ಪಿಟ್ಟು, ಮಿರ್ಚಿ ತಿಂದು ಹೊರಟೆವು.

ಬಾದಾಮಿ ಬಗ್ಗೆ ಹೆಚ್ಚು ಬರೆಯಲ್ಲ, ನೀವೆಲ್ಲ ಸ್ಕೂಲ್ ಟ್ರಿಪ್‌ನಲ್ಲಿ ನೋಡಿರ್ತೀರಿ. ಅಡಿಯಲ್ಲಿ ಕ್ಲೀಟ್ ಇರೋ ಸೈಕ್ಲಿಂಗ್ ಶೂ ಹಾಕ್ಕೊಂಡು ಆ ಮೆಟ್ಟಿಲು ಹತ್ತಬೇಡಿ ಅಂತ ಮಾತ್ರ ಹೇಳ್ತೀನಿ, ಬರಿಗಾಲೇ ವಾಸಿ. ಮೂರನೇ ಗುಹೆಯಲ್ಲಿ 578ರ ಶಾಸನ ಇದೆ. ಶಿವ, ವಿಷ್ಣು, ಜಿನ ಮೂವರಿಗೂ ಒಂದೇ ಗುಡ್ಡದಲ್ಲಿ ಮನೆ. ಹತ್ತೂವರೆಗೆ ಕೋತಿಗಳು ನಮ್ಮ ಬಾಳೆಹಣ್ಣಿನ ಚೀಲ ಕಿತ್ತುಕೊಂಡ ಮೇಲೆ ಬನಶಂಕರಿಗೆ ಹೊರಟೆವು.

ಬನಶಂಕರಿ ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಹೆಣ್ಣುಮಕ್ಕಳು ಇಲ್ಲದಿದ್ರೆ ನಮ್ಮ ಮಧ್ಯಾಹ್ನ ಬಿಸ್ಕತ್ತಿನಲ್ಲೇ ಮುಗೀತಿತ್ತು. ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳು ಪಲ್ಯ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಎನರ್ಜಿ ಜೆಲ್ ಮಾರೋ ಕಂಪನಿಗಳು ಒಮ್ಮೆ ಇಲ್ಲಿಗೆ ಬಂದು ಹೋಗಬೇಕು. ಬಡಿಸ್ತಿದ್ದ ಅಜ್ಜಿ ನಮ್ಮ ಬಿಗಿ ಚಡ್ಡಿಗಳನ್ನ ನೋಡಿ ನಗು ತಡೀಲಾರದೆ ಕೇಳಿದ್ಲು:

'ಏನ್ ಹರಕಿ ಹೊತ್ತೀರೋ ಯಪ್ಪಾ?'

'ಹರಕಿ ಅಲ್ಲವ್ವ, ತುಟಿ ಸೀಳಿದ ಕೂಸುಗೊಳ ದವಾಖಾನಿ ಖರ್ಚಿಗೆ' ಅಂದೆ.

'ಅದೂ ಹರಕಿನ ಅಲ್ಲೇನ?' ಅಂದು ಇನ್ನೊಂದು ರೊಟ್ಟಿ ಹಾಕಿದ್ಲು. ಅದಕ್ಕೆ ದುಡ್ಡು ತಗೊಂಡ್ಲು, ಬಿಡಲಿಲ್ಲ.

ಈಗ ಅಂಕಲ್ ವಿಷಯ ಹೇಳಬೇಕು. ನಮ್ಮ ಗುಂಪಿನ ಹಿರಿಯರು, ವಯಸ್ಸು ಐವತ್ತೆಂಟು, ಹುಬ್ಬಳ್ಳಿಯವರು, ಮೋಟಾರ್ ಮೆಕ್ಯಾನಿಕ್. ನಮ್ಮೆಲ್ಲರದು ಗೇರ್ ಸೈಕಲ್, ಅವರದು ಗೇರಿಲ್ಲದ ಹಳೇ ಉಕ್ಕಿನ ಸೈಕಲ್, ಹಿಂದೆ ಕ್ಯಾರಿಯರ್ ಕೂಡ ಇದೆ. ಅವರ ಮಗಳು ಹುಟ್ಟಿದ್ದು ಸೀಳು ತುಟಿಯೊಂದಿಗೆ. ಮೂವತ್ತು ವರ್ಷದ ಹಿಂದೆ ಒಂದು ಮಿಷನ್ ಆಸ್ಪತ್ರೆಯಲ್ಲಿ ಮೂರು ಆಪರೇಷನ್ ಆದವು. ಈಗ ಅವಳು ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವಿಡೀ ಮಾತಾಡೋ ಕೆಲಸ ಮಾಡ್ತಾಳೆ. ಅಂಕಲ್ ಈ ಕಥೆಯನ್ನ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದ್ರು. ಕೊನೆಯ ಮಾತು ಮಾತ್ರ ಒತ್ತಿ ಹೇಳಿದ್ರು: 'ದಿನಾ ಮಾತಾಡ್ತಾಳ.'

ಅವರ ಕಿಲೋಮೀಟರ್ ದಾನಿಗಳು ಓಣಿಯ ಜನ. ಹಾಲಿನವ, ಇಸ್ತ್ರಿಯವ, ಕಿರಾಣಿ ಅಂಗಡಿಯವ, ಪಕ್ಕದ ಮನೆಯ ನಿವೃತ್ತ ಮಾಸ್ತರು. ಐದೈದು, ಹತ್ಹತ್ತು ಕೂಡಿ ಕಿಲೋಮೀಟರಿಗೆ ಅರವತ್ತು ರೂಪಾಯಿ. ಜೇಬಿನ ಪುಟ್ಟ ಡೈರಿಯಲ್ಲಿ ಹೆಸರು ಸಮೇತ ಬರೆದಿಟ್ಟಿದ್ರು.

ಪಟ್ಟದಕಲ್ಲಿನಲ್ಲಿ ಹದಿನೈದು ನಿಮಿಷ ನೆರಳಲ್ಲಿ ಮಲಗಿದೆವು. 1987ರಿಂದ ವಿಶ್ವ ಪರಂಪರೆ ತಾಣ. ಲೋಕಮಹಾದೇವಿ ಗಂಡ ವಿಕ್ರಮಾದಿತ್ಯನ ಗೆಲುವಿಗೆಂದು ಕಟ್ಟಿಸಿದ ವಿರೂಪಾಕ್ಷ ಗುಡಿಯನ್ನ ಹುಲ್ಲಿನ ಮೇಲೆ ಅಡ್ಡ ಬಿದ್ದು ನೋಡಿದ ಪುಣ್ಯ ನಮ್ಮದು. ಐಹೊಳೆಯಲ್ಲಿ ಇಳಿಯಲೇ ಇಲ್ಲ. 634ರ ರವಿಕೀರ್ತಿಯ ಶಾಸನ ಇರೋ ಮೇಗುಟಿ ಗುಡ್ಡ ದೂರದಿಂದ ಕಂಡಿತು, ಅಷ್ಟೇ. ಇಷ್ಟು ಚರಿತ್ರೆಯನ್ನ ಒಂದೇ ದಿನದಲ್ಲಿ ದಾಟೋದು ಅನ್ಯಾಯ. ಆದ್ರೆ ಡಿಸೆಂಬರಿನಲ್ಲಿ ಆರು ಗಂಟೆಗೇ ಹೊತ್ತು ಮುಳುಗುತ್ತೆ.

ಇಲ್ಲಿಂದ ಮುಂದೆ ಕೆಂಪು ಬಂಡೆ ಮುಗಿದು ಎರಿ ಭೂಮಿ. ಎರಡೂ ಕಡೆ ಬಿಳಿಜೋಳ, ಕಡಲೆ. ಮೂಡಗಾಳಿ ಎದುರು. ಚಳಿಗಾಲದಲ್ಲಿ ಜೋಳಕ್ಕೆ ಇಬ್ಬನಿ, ಗಾಳಿ ಎಲ್ಲಾ ಬೇಕಂತೆ, ನಮಗೆ ಬೇಡವಾಗಿತ್ತು. ಚೆಂದದ ರಸ್ತೆಯಲ್ಲೂ ತಾಸಿಗೆ ಹನ್ನೆರಡು ಕಿ.ಮೀ. ದಾಟಲಿಲ್ಲ. ಎದುರಿನಿಂದ ಡಬಲ್ ಟ್ರಾಲಿ ಕಬ್ಬಿನ ಟ್ರಾಕ್ಟರ್ ಡಿಜೆ ಹಾಡು ಹಚ್ಚಿಕೊಂಡು ಬಂದ್ರೆ ರಸ್ತೆ ಬಿಟ್ಟು ಇಳಿಯೋದೇ ಗತಿ.

ಮೂರೂವರೆಗೆ ಅಮೀನಗಡ. ಕರದಂಟು ಕಟ್ಟಿಸಿಕೊಂಡು ಚಹಾದಂಗಡಿ ಮುಂದೆ ಕೂತಿದ್ದಾಗ ಒಬ್ಬ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರರವನು, ಟೆಂಪೋ ಮೇಲಿನ ಬ್ಯಾನರ್ ಓದಿ ಮೊಬೈಲ್ ಎತ್ತಿ ವಿಡಿಯೊ ಶುರು ಮಾಡಿದ.

'ಚರ್ಚಿನವ್ರೇನ್ರಿ? ಮತಾಂತರಕ್ಕ ಬಂದೀರೇನು?'

ಚಹಾದಂಗಡಿ ಪೂರ್ತಿ ಸುಮ್ಮನಾಯ್ತು. 2022ರ ಕಾಯ್ದೆ ಬಂದಾಗಿನಿಂದ ಈ ಪ್ರಶ್ನೆಗೆ ತೂಕ ಬೇರೆ. ನಮ್ಮಲ್ಲಿ ಇಬ್ಬರು ಕಾಲೇಜು ಹುಡುಗಿಯರು ಟೆಂಪೋ ಕಡೆ ಸರಿದರು. ನನ್ನ ಎದೆ ಹೊಡ್ಕೋತಿತ್ತು. ಅಕ್ಕ ಬಾಯಿ ತೆರೆಯೋ ಮುಂಚೆ ಅಂಕಲ್ ಎದ್ದು ನಿಂತು ಹೆಲ್ಮೆಟ್ ಸರಿ ಮಾಡಿಕೊಂಡ್ರು.

'ಚರ್ಚಿನವ್ರ ಹೌದು ತಮ್ಮಾ. ಕೂಸುಗೊಳ ತುಟಿ ಹೊಲಿಸಾಕ ರೊಕ್ಕಾ ಕೂಡಸ್ತೀವಿ. ಸರಿಯಾಗಿ ತಗೋ, ಇಲ್ಲಿ ನೆಳ್ಳ ಐತಿ, ಬಿಸಲಾಗ ಬರ್ತೀನಿ ತಡಿ.'

ಬಿಸಿಲಿಗೆ ಬಂದು ನಿಂತೇಬಿಟ್ಟರು. ಡೈರಿ ತೆಗೆದು ಹಾಲಿನವನಿಂದ ಹಿಡಿದು ಎಲ್ಲರ ಹೆಸರು, ರೇಟು ಕ್ಯಾಮೆರಾಕ್ಕೆ ಓದತೊಡಗಿದ್ರು. ಎಲ್ಲಾ ಜಾತಿ, ಎಲ್ಲಾ ಧರ್ಮದ ಹೆಸರು. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು 'ದಾಸೋಹ ಇದ್ದಂಗ ಬಿಡ್ರಿ' ಅಂದ್ರು. ಕೂಡಲಸಂಗಮ ಇಲ್ಲಿಂದ ದೂರ ಇಲ್ಲ, ಆ ಶಬ್ದ ಇಲ್ಲಿನವರ ನಾಲಿಗೆ ಮೇಲೇ ಇರುತ್ತೆ. ಹುಡುಗ ವಿಡಿಯೊ ನಿಲ್ಲಿಸಿ, 'ಗೇರಿಲ್ಲದ ಸೈಕಲ್ ಮ್ಯಾಲ ಬೆಂಗಳೂರಿಗೇನ್ರಿ?' ಅಂತ ಟೈರ್ ಒತ್ತಿ ನೋಡಿ, ಬೈಕ್ ಹತ್ತಿ ಹೋದ. ಅವನೇ ಚಹಾ ದುಡ್ಡು ಕೊಟ್ಟ ಅಂತ ಬರೆಯೋ ಆಸೆ ನನಗೂ ಇದೆ. ಕೊಡಲಿಲ್ಲ. ಆ ವಿಡಿಯೊ ಎಲ್ಲಿಗೆ ಹೋಯ್ತೋ, ಏನು ಬರೆದು ಹಾಕಿದನೋ.

ಅಮೀನಗಡ ದಾಟಿ ಐದು ಕಿ.ಮೀ. ಆಗಿರಬೇಕು, ಅಂಕಲ್ ತೊಡೆ ಹಿಡಿದುಕೊಂಡು ರಸ್ತೆ ಬದಿ ಕೂತರು. ಮೀನಖಂಡ, ತೊಡೆ ಎರಡೂ ಸೆಟೆದಿದ್ದವು. ಅಕ್ಕ ಉಪ್ಪು-ಸಕ್ಕರೆ ನೀರು ಕುಡಿಸಿ ಕಾಲು ತಿಕ್ಕಿದ್ರು. ಟೆಂಪೋ ಬಂದು ನಿಂತಿತು. ಅಂಕಲ್ ಹತ್ತಲಿಲ್ಲ. ಸೈಕಲ್ ಹಿಡಿದು ನಡೆಯೋಕೆ ಶುರು ಮಾಡಿದ್ರು. ತಳ್ಳಿಕೊಂಡು ನಡೆದ ಕಿಲೋಮೀಟರೂ ಲೆಕ್ಕಕ್ಕೆ ಬರುತ್ತೆ ಅನ್ನೋದು ಅವರ ವಾದ, ನಿಯಮದಲ್ಲಿ ಅದಕ್ಕೆ ವಿರೋಧವೂ ಇರಲಿಲ್ಲ. ನಾನು ಇಳಿದು ಜತೆಗೆ ನಡೆದೆ. ನಾಲ್ಕು ಕಿ.ಮೀ. ಹಾಗೇ. ಮಾತಿಲ್ಲ, ಎದುರು ಗಾಳಿ, ಚೈನಿನ ಟಿಕಟಿಕ. ಪಡುವಣ ಕೆಂಪಾಗಿ ನಮ್ಮ ನೆರಳು ಹುನಗುಂದದ ಕಡೆಗೆ ಉದ್ದಕ್ಕೆ ಬಿತ್ತು. ಆಮೇಲೆ ಮತ್ತೆ ಹತ್ತಿ, ಒಂದೇ ಕಾಲಲ್ಲಿ ತುಳಿದಂತೆ ತುಳಿದರು.

ಹುನಗುಂದ ಮುಟ್ಟಿದಾಗ ಆರೂ ಹತ್ತು. ಬೀದಿದೀಪ ಹತ್ತಿದ್ದವು. ಉಳಿದವರು ಆಗಲೇ ಇಳಕಲ್ ಸೇರಿಯಾಗಿತ್ತು. ಇನ್ನು ಬಾಕಿ 13 ಕಿ.ಮೀ., ಅದೂ ಸೋಲಾಪುರ-ಚಿತ್ರದುರ್ಗದ ಹೈವೇ, ಲಾರಿಗಳ ಸಾಲು. ಅಂಕಲ್ ನೋಡಿದ್ರು, ಅಕ್ಕ ತಲೆ ಅಲ್ಲಾಡಿಸಿದ್ರು. 'ಕತ್ತಲಾಗ ಇಲ್ಲ ಅಂದ್ರ ಇಲ್ಲ ಅಣ್ಣಾರ.' ಇಪ್ಪತ್ತು ವರ್ಷ ಅಪಘಾತದ ವಾರ್ಡು ನೋಡಿದ ಹೆಂಗಸಿನ ಹತ್ತಿರ ವಾದ ನಡೆಯೋದಿಲ್ಲ. ಎರಡೂ ಸೈಕಲ್ ಟೆಂಪೋ ಮೇಲೇರಿದವು. ದಾರಿಯುದ್ದಕ್ಕೂ ಅಂಕಲ್ ಕಿಟಕಿ ಕಡೆ ಮುಖ ಮಾಡಿ ಕೂತಿದ್ರು.

ಇಳಕಲ್ಲಿನಲ್ಲಿ ಉಳಿದದ್ದು ಒಂದು ಶಾಲೆಯ ಹಾಲ್‌ನಲ್ಲಿ. ಊಟಕ್ಕೆ ಮುಂಚೆ ನಾವು ನಾಲ್ಕು ಜನ ಹತ್ತಿರದ ನೇಕಾರರ ಮನೆ ನೋಡಲು ಹೋದೆವು. ಇಳಕಲ್ ಸೀರೆಯ ಗುಟ್ಟಿರೋದು 'ತೋಪು ತೆನೆ' ಅನ್ನೋ ಜೋಡಣೆಯಲ್ಲಿ. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆ ಹಾಸು ಬೇರೆ. ಎರಡರ ಎಳೆ ಎಳೆಯನ್ನೂ ಕೊಂಡಿಯಂತೆ ಒಂದರೊಳಗೊಂದು ಸಿಕ್ಕಿಸಿ ಕೂಡಿಸ್ತಾರೆ, ಸೀರೆ ಸೀರೆಗೂ ಇದೇ ಕೆಲಸ. ಪವರ್‌ಲೂಮ್ ಬಂದ ಮೇಲೆ ಕೈಮಗ್ಗ ಕಡಿಮೆಯಾಗಿದೆ, ಮಕ್ಕಳು ಗ್ರಾನೈಟ್ ಕ್ವಾರಿಗೋ ಬೆಂಗಳೂರಿಗೋ ಹೋಗ್ತಾರೆ ಅಂದ್ರು ಮನೆಯ ಯಜಮಾನರು. ನಮ್ಮ ಯಾನದ ಕಥೆ ಕೇಳಿ ಅವರು ನೆನೆಸಿಕೊಂಡದ್ದು ಮಹಾಂತ ಜೋಳಿಗೆ. ಇಲ್ಲಿನ ಮಠದ ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆ ಹಿಡೀತಿದ್ರು, ಕಾಳಿಗೋ ಕಾಸಿಗೋ ಅಲ್ಲ. ನಿಮ್ಮ ಕುಡಿತ, ನಿಮ್ಮ ಬೀಡಿ, ನಿಮ್ಮ ದುಶ್ಚಟ ಇದರಲ್ಲಿ ಹಾಕಿ ಅಂತ. 2018ರಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ನಮ್ಮ ಕ್ಯೂಆರ್ ಕೋಡಿಗಿಂತ ಆ ಜೋಳಿಗೆ ಬಹಳ ದೊಡ್ಡದು ಅನ್ನಿಸ್ತು.

ಹಾಲ್‌ಗೆ ಮರಳಿದಾಗ ಅಂಕಲ್ ಕಾಲಿಗೆ ಎಣ್ಣೆ ಹಚ್ಚಿಕೊಂಡು ಡೈರಿ ತೆರೆದು ಕೂತಿದ್ರು. ಹದಿಮೂರು ಇಂಟು ಅರವತ್ತು, 780 ರೂಪಾಯಿ.

'ಅಂಕಲ್, ಅಷ್ಟ ಅಲ್ಲೇನ್ರಿ? ಈಗ ಫೋನ್‌ಪೇ ಮಾಡ್ತೀನಿ ನಾನು.'

'ನೀ ಹಾಕಿದ್ರ ಅದು ನಿನ್ನ ರೊಕ್ಕ ಆತು. ಹಾಲಿನವ ಊರಿಗೆ ಹೋದಮ್ಯಾಲ ಲೆಕ್ಕಾ ಕೇಳ್ತಾನ, ಎಲ್ಲಾ ತುಳದ್ಯೋ ಇಲ್ಲೋ ಅಂತ. ಅವಗ ಏನ್ ಹೇಳಲಿ?'

ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದ್ರು: 'ತಮ್ಮಾ, ಟೆಂಪೋ ಡ್ರೈವರ್ ನಸಿಕಿನ್ಯಾಗ ಏಳ್ತಾನೇನು? ಹುನಗುಂದಕ್ಕ ಬಿಟ್ಟ ಬಂದ್ರ ಸಾಕು.'

ಡ್ರೈವರ್ ಏಳ್ತೀನಿ ಅಂದ. ಅಕ್ಕ ಕಾಲು ಒತ್ತಿ ನೋಡಿ, ಬೆಳಕು ಹರಿದ ಮೇಲೆ ಮಾತ್ರ, ಒಬ್ಬರೇ ಅಲ್ಲ, ಅಂದ್ರು. ನನ್ನ ಫೋನಿನಲ್ಲಿ ಐದೂ ಇಪ್ಪತ್ತಕ್ಕೆ ಅಲಾರಂ ಇಟ್ಟೆ. ಹುನಗುಂದದಿಂದ ಇಳಕಲ್ಲಿಗೆ ನಾಳೆಯೂ ಗಾಳಿ ಹೆಚ್ಚುಕಡಿಮೆ ಎದುರೇ ಅಂತ ಆ್ಯಪ್ ತೋರಿಸ್ತಿತ್ತು.