ಡಬ್ಬಿ ಮೀನಿನ 60 ದಿನ

ಮೊದಲೇ ಹೇಳಿಬಿಡ್ತೀನಿ, ನಮ್ಮೂರ ಕಡೆಯವರು ಯಾರಾದ್ರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬಯ್ಯಬೇಡಿ. ಗಂಗೊಳ್ಳಿಯಲ್ಲಿ ಹುಟ್ಟಿ, ಬಂದರಿನ ವಾಸನೆಯಲ್ಲೇ ಬೆಳೆದು, ಅಮ್ಮ ಮೀನು ಮಾರಿದ ದುಡ್ಡಿನಲ್ಲಿ ಇಂಜಿನಿಯರಿಂಗ್ ಓದಿದ ನಾನು, ತಗಡಿನ ಡಬ್ಬಿಯಲ್ಲಿ ಬರುವ ಮೀನಿನ ಬಗ್ಗೆ ಬರೆಯೋಕೆ ಕೂತಿದ್ದೇನೆ. ಊರಲ್ಲಿ ಇದು ಮರ್ಯಾದೆ ಪ್ರಶ್ನೆ. ಆದರೆ 2023ರಲ್ಲಿ ಸುಮಾರು ಎರಡು ತಿಂಗಳು ನನ್ನನ್ನು ಸಾಕಿದ್ದು ಇದೇ ಡಬ್ಬಿ. ಉಂಡ ಮನೆಗೆ ಎರಡು ಬಗೆಯಬಾರದು ನೋಡಿ.

2023ರ ಜನವರಿ, ಸಿಯಾಟಲ್, ಒಂದು ಬುಧವಾರ. ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಲೆಂಡರಿನಲ್ಲಿ 15 ನಿಮಿಷದ ಮೀಟಿಂಗ್ ಬಂದು ಕೂತಿತ್ತು. ವಿಷಯ ಏನೂ ಬರೆದಿರಲಿಲ್ಲ. ಐಟಿಯಲ್ಲಿರುವವರಿಗೆ ಮುಂದಿನದ್ದು ಬಿಡಿಸಿ ಹೇಳಬೇಕಾಗಿಲ್ಲ. ಒಂಬತ್ತೂ ಇಪ್ಪತ್ತಕ್ಕೆ ಲ್ಯಾಪ್‌ಟಾಪು ನನ್ನ ಪಾಸ್‌ವರ್ಡನ್ನು ಒಪ್ಪುತ್ತಿರಲಿಲ್ಲ. ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕಂಪನಿ ನಮ್ಮ ಹೆಸರಲ್ಲಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಗಬೇಕು, ಅದೂ ಇಲ್ಲ ಅಂದರೆ ಗಂಟುಮೂಟೆ ಕಟ್ಟಬೇಕು. ಮದುವೆಯಾಗಿದ್ದರೆ ಗಂಡನ ವೀಸಾ ಅಂತಾದರೂ ಒಂದು ದಾರಿ ಇರುತ್ತಿತ್ತೇನೋ. ಅಮ್ಮ ಎಷ್ಟು ಹೇಳಿದರೂ ನಾನು ಕೇಳಿರಲಿಲ್ಲ.

ಆ ರಾತ್ರಿ ಎಕ್ಸೆಲ್ ತೆಗೆದು ಲೆಕ್ಕ ಹಾಕಿದೆ. ಬಾಡಿಗೆ, ಹೆಲ್ತ್ ಇನ್ಶೂರೆನ್ಸು, ಊರಲ್ಲಿ ತಾರಸಿ ಮನೆ ಕಟ್ಟಿಸಲು ತೆಗೆದ ಸಾಲದ ಕಂತು. ಇದ್ಯಾವುದನ್ನೂ ಕಮ್ಮಿ ಮಾಡೋಕಾಗಲ್ಲ. ಕಮ್ಮಿ ಮಾಡಬಹುದಾದದ್ದು ಹೊಟ್ಟೆಗೆ ಹಾಕೋದು ಮಾತ್ರ. ಅಮ್ಮನಿಗೆ ಹೇಳಲಿಲ್ಲ. ಅಪ್ಪ ಹೋದ ಮೇಲೆ ಅವಳು ಒಬ್ಬಳೇ, ಬಿಪಿ ಬೇರೆ. ಹೇಳಿದರೆ ಅಲ್ಲಿಂದ ಅವಳು ಏನು ಮಾಡಿಯಾಳು?

ಮಾರನೇ ದಿನ ಸೂಪರ್‌ಮಾರ್ಕೆಟ್ಟಿನಲ್ಲಿ ತಾಜಾ ಸಾಮನ್ ಇಟ್ಟ ಕೌಂಟರ್ ದಾಟಿ, ಟ್ಯೂನಾ ಡಬ್ಬಿಗಳ ಕೆಳಗಿನ ಸಾಲಿಗೆ ಬಗ್ಗಿದೆ. ಅಲ್ಲಿತ್ತು. ಉದ್ದನೆ ಡಬ್ಬಿ, 418 ಗ್ರಾಂ, ನಾಲ್ಕೈದು ಡಾಲರ್. ಒಬ್ಬಳಿಗೆ ಮೂರು ಊಟ. ಹಿಂದೆ ಬರೆದಿದ್ದದ್ದು ಎರಡೇ ಸಾಮಾನು: ಸಾಮನ್, ಉಪ್ಪು. ಆರು ಡಬ್ಬಿ ತಂದೆ.

ಮೊದಲನೆಯದನ್ನು ತೆಗೆದಾಗ ಅಳು ಬಂತು, ಸುಳ್ಳು ಹೇಳಲ್ಲ. ಬೂದು ಬಣ್ಣದ ಚರ್ಮ, ಮಧ್ಯದಲ್ಲಿ ಮಣಿ ಪೋಣಿಸಿದ ಹಾಗೆ ಬೆನ್ನುಮೂಳೆ, ಅಲ್ಲಲ್ಲಿ ಮೊಸರಿನಂಥ ಬಿಳಿ ಬಿಳಿ. ಬೆಕ್ಕಿಗೆ ಹಾಕುವ ಡಬ್ಬಿ ತಂದುಬಿಟ್ಟೆನಾ ಅಂತ ಲೇಬಲ್ ಮತ್ತೆ ಓದಿದೆ. ಆಮೇಲೆ ಗೊತ್ತಾಯಿತು, ಆ ಬಿಳಿ ಮೀನಿನದೇ ಪ್ರೋಟೀನು. ಮೀನನ್ನು ಹಸಿಯಾಗಿಯೇ ಡಬ್ಬಿಗೆ ತುಂಬಿ, ಉಪ್ಪು ಹಾಕಿ, ಮುಚ್ಚಳ ಮುಚ್ಚಿದ ಮೇಲೆ ಡಬ್ಬಿ ಸಮೇತ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರಂತೆ. ಸರಳವಾಗಿ ಹೇಳಬೇಕೆಂದರೆ ದೊಡ್ಡ ಪ್ರೆಶರ್ ಕುಕ್ಕರ್. ಅದಕ್ಕೇ ಮುಳ್ಳು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತೆ. ಒಳಗಿನ ನೀರೂ ಮೀನು ಬಿಟ್ಟದ್ದೇ, ಬೇರೆ ಹಾಕಿದ್ದಲ್ಲ. ಮುಳ್ಳನ್ನು ಆರಿಸಿ ಬಿಸಾಡಬೇಡಿ, ಕ್ಯಾಲ್ಸಿಯಂ ಇರೋದು ಅದರಲ್ಲೇ. ಚರ್ಮ ನಿಮ್ಮಿಷ್ಟ. ನಾನು ತೆಗೀತೀನಿ.

ಡಬ್ಬಿಗಳಲ್ಲಿ ಹೆಚ್ಚಾಗಿ ಸಿಗೋದು ಎರಡು ಜಾತಿ. ಪಿಂಕ್ ಅಂದರೆ ತಿಳಿ ಬಣ್ಣದ್ದು, ಸಪ್ಪೆ, ಅಗ್ಗ. ಸಾಕೈ ಅಂದರೆ ಕೆಂಪು, ಎಣ್ಣೆ ಜಾಸ್ತಿ, ದುಡ್ಡೂ ಜಾಸ್ತಿ. ನಮ್ಮ ಮಸಾಲೆಗೆ ಪಿಂಕೇ ಸಾಕು. ಅಲಾಸ್ಕಾದ್ದು ಅಂತ ಬರೆದಿದ್ದರೆ ಅದು ಸಾಕಿದ ಮೀನಲ್ಲ, ಯಾಕೆಂದರೆ ಆ ರಾಜ್ಯದಲ್ಲಿ ಮೀನು ಸಾಕಣೆಗೇ ನಿಷೇಧವಿದೆ.

ಮೊದಲ ಅಡುಗೆ ಹಾಳಾಯಿತು. ಊರಿನ ಅಭ್ಯಾಸದಲ್ಲಿ ಕಾಯಿ ಅರೆದು, ಹುಳಿ ಹಿಂಡಿ, ಮೀನು ಸಾರಿಗೆ ಹಾಕುವ ಹಾಗೆ ಹಾಕಿ ಕುದಿಸಿದೆ. ಹತ್ತು ನಿಮಿಷಕ್ಕೆ ಪಾತ್ರೆಯಲ್ಲಿ ಮೀನೇ ಇಲ್ಲ, ಕೆಂಪು ಗಂಜಿ! ಬೆಂದ ಮೀನನ್ನು ಮತ್ತೆ ಬೇಯಿಸಿದರೆ ಇನ್ನೇನಾಗುತ್ತೆ. ನನ್ನ ರೂಮ್‌ಮೇಟ್ ದಾವಣಗೆರೆಯವಳು, ಮೊಟ್ಟೆಯನ್ನೂ ಮುಟ್ಟದ ಮನೆಯವಳು. ವಾಸನೆಗೆ ಕಿಟಕಿ ತೆಗೆದು, ಜನವರಿ ಚಳಿಯಲ್ಲಿ ಜಾಕೆಟ್ ಹಾಕ್ಕೊಂಡು ಸೋಫಾದ ಮೇಲೆ ಕೂತಿದ್ದಳು. ಒಂದು ಮಾತಾಡಲಿಲ್ಲ. ಬೇರೆ ದಿನವಾಗಿದ್ದರೆ ಜಗಳ ಗ್ಯಾರಂಟಿ ಇತ್ತು.

ಎರಡನೇ ವಾರಕ್ಕೆ ಕೈ ಕುದುರಿತು. ಕಟ್ಲೆಟ್ ಎಲ್ಲಕ್ಕಿಂತ ಸುಲಭ, ಇಲ್ಲಿಂದ ಶುರು ಮಾಡಿ. ಒಂದು ಡಬ್ಬಿ ಮೀನಿನ ನೀರು ಬಸಿದು ಬೇರೆ ಇಟ್ಟುಕೊಳ್ಳಿ. ಮುಳ್ಳನ್ನು ಹೆಬ್ಬೆರಳಲ್ಲಿ ಮೆದ್ದು, ಎರಡು ಬೇಯಿಸಿದ ಆಲೂಗಡ್ಡೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ನಾಲ್ಕು ಹಸಿಮೆಣಸು, ಶುಂಠಿ, ಕರಿಬೇವು, ಕಾಳುಮೆಣಸಿನ ಪುಡಿ, ಒಂದು ಚಮಚ ಅಕ್ಕಿಹಿಟ್ಟು ಸೇರಿಸಿ ಕಲಸಿ. ರುಚಿ ನೋಡದೆ ಉಪ್ಪು ಹಾಕಬೇಡಿ, ಡಬ್ಬಿಯಲ್ಲೇ ಇರುತ್ತೆ. ತಟ್ಟಿ, ರವೆಯಲ್ಲಿ ಹೊರಳಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಈ ಅರ್ಧ ಗಂಟೆ ತಪ್ಪಿಸಿದರೆ ಕಾವಲಿಯ ಮೇಲೆ ಒಡೆಯುತ್ತೆ, ನಾನು ಎರಡು ಸಲ ಒಡೆದಿದ್ದೇನೆ. ಆಮೇಲೆ ತೆಂಗಿನೆಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಕಾಯಿಸಿ. ಇಂಟರ್‌ವ್ಯೂ ಇದ್ದ ದಿನಗಳಲ್ಲಿ ನನ್ನ ಮಧ್ಯಾಹ್ನದ ಊಟ ಇದೇ, ಒಂದು ಕೈಯಲ್ಲಿ ಕಟ್ಲೆಟ್, ಇನ್ನೊಂದರಲ್ಲಿ ಮೌಸ್.

ಸುಕ್ಕ ಮಾಡುವಾಗ ಒಂದೇ ಉಪಾಯ, ಮೀನು ಕೊನೆಗೆ. ಬೆಳ್ಳುಳ್ಳಿ, ಈರುಳ್ಳಿ, ಕರಿಬೇವು ಬಾಡಿಸಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತೆ, ಜೀರಿಗೆ ಹುರಿದ ಪುಡಿ ಹಾಕಿ, ಹುಣಸೆರಸ ಹಾಕಿ, ಕಾಯಿತುರಿ ಹಾಕಿ ಎಲ್ಲಾ ಹೊಂದಿಕೊಂಡ ಮೇಲೆ ಮೀನು ಉದುರಿಸಿ, ಎರಡು ನಿಮಿಷಕ್ಕೆ ಒಲೆ ಆರಿಸಿ. ಬಸಿದಿಟ್ಟ ನೀರು ಮರುದಿನದ ಸಾರಿಗೆ ಆಗುತ್ತೆ. ಉಳಿದ ಸುಕ್ಕ ದೋಸೆ ಒಳಗೆ. ಇಲ್ಲಿನವರ ಹಾಗೆ ಮೇಯನೀಸ್ ಕಲಸಿ ಬ್ರೆಡ್ಡಿನ ಮಧ್ಯೆ ಇಟ್ಟು ತಿನ್ನೋದನ್ನೂ ಮಾಡಿ ನೋಡಿದೆ, ನನಗಂತೂ ಸೇರಲಿಲ್ಲ.

ಇನ್ನು ಅಮ್ಮ. ನನಗೆ ಬೆಳಿಗ್ಗೆ ಏಳು ಅಂದರೆ ಅವಳಿಗೆ ರಾತ್ರಿ ಎಂಟೂವರೆ, ದಿನಾ ಆ ಹೊತ್ತಿಗೆ ವಿಡಿಯೊ ಕಾಲ್. ಮೊದಲ ಪ್ರಶ್ನೆ ಯಾವತ್ತೂ ಒಂದೇ: "ನಿನ್ನೆ ರಾತ್ರಿಗೆ ಎಂತ ಪದಾರ್ಥ?" ಮೀನು ಅಂದೆ. ಯಾವ ಮೀನು ಅಂತ ಕೇಳಿದಳು. ಅವಳ ಹತ್ತಿರ ಮೀನಿನ ವಿಷಯದಲ್ಲಿ ಸುಳ್ಳು ಹೇಳೋಕೆ ಯಾರಿಂದಲೂ ಆಗಲ್ಲ. ಡಬ್ಬಿ ತಂದು ಕ್ಯಾಮೆರಾಕ್ಕೆ ಹಿಡಿದೆ.

"ತಲಿ ಎಲ್ಲಿತ್ತೇ ಇದ್ಕೆ?"

ತಲೆ ಇಲ್ಲಮ್ಮ ಅಂದೆ.

"ಕಣ್ಣಿಲ್ಲೆ, ಕಿವಿರಿಲ್ಲೆ, ಎಂತ ಕಂಡ್ಕಂಡ್ ತಕಂಡೆ ಹಂಗಾರೆ?"

ಮೂವತ್ತು ವರ್ಷ ಕಿವಿರು ಎತ್ತಿ ಬಣ್ಣ ತೋರಿಸಿ, ಬೆರಳಲ್ಲಿ ಒತ್ತಿ ತೋರಿಸಿ ಮೀನು ಮಾರಿದವಳಿಗೆ ಎಕ್ಸ್‌ಪೈರಿ ಡೇಟಿನ ಮೇಲೆ ಎಲ್ಲಿಂದ ನಂಬಿಕೆ ಬರಬೇಕು? 2027ರವರೆಗೆ ಇಡಬಹುದು ಅಂತ ಲೇಬಲ್ ಓದಿ ಹೇಳಿದ್ದಕ್ಕೆ ಐದು ನಿಮಿಷ ನಕ್ಕಳು. ನಾನೂ ನಕ್ಕೆ. ಆ ತಿಂಗಳಲ್ಲಿ ನಕ್ಕದ್ದು ಅದೊಂದೇ ಸಲ ಇರಬೇಕು.

ಹಗಲು ಅರ್ಜಿ ಹಾಕೋದು, ರಾತ್ರಿ ಕೋಡಿಂಗ್ ಪ್ರಶ್ನೆ ಬಿಡಿಸೋದು. ನಡುವೆ ತಲೆ ಕೆಟ್ಟಾಗ ಈ ಡಬ್ಬಿಗಳ ಬಗ್ಗೆಯೇ ಓದುತ್ತಿದ್ದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಾಮನ್ ಡಬ್ಬಿಗೆ ತುಂಬುವ ಕೆಲಸ ಶುರುವಾದದ್ದು 1864ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯಲ್ಲಿ. ಅಲಾಸ್ಕಾಕ್ಕೆ ಹೋದದ್ದು 1878ಕ್ಕೆ. ಆಮೇಲೆ 1920-30ರ ಹೊತ್ತಿಗೆ ಫಿಲಿಪೀನ್ಸಿನ ಹುಡುಗರು ಪ್ರತಿ ಬೇಸಿಗೆಯಲ್ಲಿ ಸಿಯಾಟಲ್ಲಿನಿಂದ ಹಡಗು ಹತ್ತಿ ಅಲಾಸ್ಕಾದ ಆ ಕಾರ್ಖಾನೆಗಳಿಗೆ ಹೋಗುತ್ತಿದ್ದರು. ಅಲಾಸ್ಕೆರೊ ಅಂತ ಅವರಿಗೆ ಹೆಸರು. ಸೀಸನ್ ಮುಗಿದರೆ ಕೆಲಸವೂ ಮುಗಿಯಿತು. 1933ರಲ್ಲಿ ಸಿಯಾಟಲ್ಲಿನಲ್ಲೇ ಯೂನಿಯನ್ ಕಟ್ಟಿದರು. ನಮ್ಮ ಸ್ಲ್ಯಾಕ್ ಗ್ರೂಪಿನಲ್ಲಿ ಕೆಲಸ ಹೋದವರು ಒಬ್ಬರಿಗೊಬ್ಬರು ಹಾರ್ಟ್ ಇಮೋಜಿ ಕಳಿಸುತ್ತಿದ್ದೆವು, ಅಷ್ಟೇ.

ಮೂವತ್ತೊಂದನೇ ದಿನ ಸಿಕ್ಕಿಬಿದ್ದೆ. ಮಾತಾಡುತ್ತಾ ಒಂಬತ್ತೂವರೆಯಾಗಿತ್ತು, ನಾನಿನ್ನೂ ನೈಟಿಯಲ್ಲೇ ಇದ್ದೆ. ಅಮ್ಮ ಎರಡು ನಿಮಿಷ ಸುಮ್ಮನೆ ನೋಡಿದಳು.

"ತಿಂಗ್ಳಾಯ್ತ್, ದಿನಾ ಡಬ್ಬಿ ಮೀನೇ. ನಿನ್ ಬೋಟ್ ಕಟ್ಟಿದ್ರಾ ಹೆಣ್ಣೇ?"

ಇದನ್ನು ಬೇರೆ ಊರಿನವರಿಗೆ ವಿವರಿಸಬೇಕು. ನಮ್ಮ ಕರಾವಳಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. 61 ದಿನ. ಮೀನು ಮರಿ ಹಾಕುವ ಕಾಲ, ಕಡಲೂ ಸರಿ ಇರಲ್ಲ. ನಾನು ಚಿಕ್ಕವಳಿದ್ದಾಗ ತಾರೀಕು ಬೇರೆ ಇತ್ತು, ಆದರೆ ಹೆಚ್ಚುಕಮ್ಮಿ ಎರಡು ತಿಂಗಳೇ. ಬೋಟುಗಳನ್ನೆಲ್ಲ ಬಂದರಿನಲ್ಲಿ ಸಾಲಾಗಿ ಕಟ್ಟುತ್ತಾರೆ. ಅಪ್ಪನಿಗೆ ಪಾಲು ಇಲ್ಲ, ಅಮ್ಮನ ಬುಟ್ಟಿಯಲ್ಲಿ ಮೀನಿಲ್ಲ. ಆ ಮಳೆಯಲ್ಲಿ ನಾವು ತಿಂದದ್ದು ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು. ನಮ್ಮೂರಲ್ಲಿ ದಿನಾ ಒಣಮೀನು ಸುಡುವ ವಾಸನೆ ಬಂದರೆ ಆ ಮನೆಯಲ್ಲಿ ದುಡ್ಡಿನ ಕತೆ ಏನು ಅಂತ ಯಾರೂ ಕೇಳಬೇಕಾಗಿಲ್ಲ.

ಎಲ್ಲಾ ಹೇಳಿದೆ. ಇನ್ನು 29 ದಿನ ಇದೆ ಅಂತಲೂ ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ, ಅತ್ತದ್ದು ನಾನು. ಅವಳು ಅಪ್ಪನ ಸುದ್ದಿ ಎತ್ತಿದಳು. ಬೋಟು ಕಟ್ಟಿದ ಮೇಲೂ ಅಪ್ಪ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಬಂದರಿಗೆ ಹೋಗುತ್ತಿದ್ದನಂತೆ. ಬಲೆ ನೇಯುವ ಕೆಲಸ ಇದೆ, ಕೂಲಿ ಕೊಡ್ತಾರೆ ಅಂತ ಹೇಳಿ. ಎಷ್ಟೋ ದಿನ ಕೆಲಸ ಇರುತ್ತಿರಲಿಲ್ಲ. ಕಟ್ಟಿದ ಬೋಟಿನೊಳಗೆ ಕೂತು ಬುತ್ತಿ ಉಂಡು ಸಂಜೆ ಬರುತ್ತಿದ್ದ. ಅಮ್ಮನಿಗೆ ಅದು ಗೊತ್ತಿತ್ತು. ಅವನಿಗೆ ಹೇಳಿರಲಿಲ್ಲ.

"ನೀನೂ ಅವ್ರ್ ಕಣಂಗೇ" ಅಂದಳು. ಬೈದದ್ದೋ ಅಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ಮೀನಿನ್ ನೀರ್ ಹಿಂಡಿ, ಒಣಮೀನ್ ಹಂಗೆ ಹುರ್ದ್ ಕಾಣ್. ಚಟ್ನಿ ಮಾಡ್. ಹುಳಿ ಹೆಚ್ಗಿ ಹಾಕ್" ಅಂದಳು.

ಡಬ್ಬಿಯನ್ನು ಒಮ್ಮೆಯೂ ಮುಟ್ಟದವಳು ಹೇಳಿದ ಈ ಚಟ್ನಿ ನನ್ನ ಎಲ್ಲ ಪ್ರಯೋಗಕ್ಕಿಂತ ಮೇಲು. ಮೀನನ್ನು ಗಟ್ಟಿಯಾಗಿ ಹಿಂಡಿ, ಕಬ್ಬಿಣದ ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕೆದಕುತ್ತಾ ಇರಿ. ಮೊದಲು ಅಂಟುತ್ತೆ, ಆಮೇಲೆ ಬಿಡುತ್ತೆ, ಕೊನೆಗೆ ಕಂದು ಬಣ್ಣಕ್ಕೆ ತಿರುಗಿ ಗರಗರ ಶಬ್ದ ಬರುತ್ತೆ. ಅಲ್ಲಿಯವರೆಗೆ ಒಲೆ ಬಿಟ್ಟು ಹೋಗಬೇಡಿ. ಹುರಿದ ಒಣಮೆಣಸು, ಕಾಯಿತುರಿ, ಹುಣಸೆಹಣ್ಣು, ಎರಡು ಎಸಳು ಬೆಳ್ಳುಳ್ಳಿಯನ್ನು ನೀರು ಹಾಕದೆ ತರಿತರಿಯಾಗಿ ಅರೆದು, ಹಸಿ ಈರುಳ್ಳಿ ಜಜ್ಜಿ, ಎಲ್ಲಾ ಕೈಯಲ್ಲೇ ಕಲಸಿ. ಚಮಚ ಬೇಡ. ಜೊತೆಗೆ ಕುಚ್ಚಲಕ್ಕಿ ಗಂಜಿ. ಆ ರಾತ್ರಿ ಎರಡು ಬಟ್ಟಲು ಉಂಡೆ.

ಐವತ್ತೆರಡನೇ ದಿನ ಹೊಸ ಕಂಪನಿಯವರು ನನ್ನ ಅರ್ಜಿ ಹಾಕಿದರು. ಸಂಬಳ ಮೊದಲಿಗಿಂತ ಕಮ್ಮಿ. ಪುಣ್ಯಕ್ಕೆ ಮನೆಯಿಂದಲೇ ಕೆಲಸ, ಮೈಕ್ರೊವೇವಿನಲ್ಲಿ ಮೀನು ಬಿಸಿ ಮಾಡಿದರೆ ಇಮೇಲ್ ಕಳಿಸುವವರಿಲ್ಲ. ನಮ್ಮ ಟೀಮಿನಲ್ಲೇ ಇದ್ದ ಪುಣೆಯ ಹುಡುಗನಿಗೆ ಆಗಲಿಲ್ಲ. ಹೆಂಡತಿ, ಎರಡು ವರ್ಷದ ಮಗು, ಐದು ಸೂಟ್‌ಕೇಸು. ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ. ದಾರಿಯುದ್ದಕ್ಕೂ ಅವನು ಕಾರಿನ ಟೈರಿನ ಬಗ್ಗೆಯೇ ಮಾತಾಡಿದ.

ಅಮ್ಮ ಬಂದದ್ದು 2024ರ ಜೂನ್ ಕೊನೆಗೆ. ಬೋಟು ಕಟ್ಟಿದ ಕಾಲ, ಅವಳಿಗೂ ರಜೆ. ಜುಲೈ ಮೊದಲ ವಾರ ಬ್ಯಾಲರ್ಡ್ ಲಾಕ್ಸಿಗೆ ಕರ್ಕೊಂಡು ಹೋದೆ. ಅಲ್ಲಿ ಕಡಲಿನಿಂದ ಸರೋವರಕ್ಕೆ ಹತ್ತುವ ಸಾಮನ್‌ಗಳಿಗೆ ಅಂತಲೇ ನೀರಿನ ಮೆಟ್ಟಿಲು ಕಟ್ಟಿದ್ದಾರೆ, ಪಕ್ಕದಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಗಾಜಿನ ಕಿಟಕಿ. ಸಾಕೈ ಬರುವ ದಿನಗಳು ಅವು. ಗಾಜಿಗೆ ಮೂಗು ತಾಗಿಸಿ ನಿಂತವಳು ಒಂದೊಂದನ್ನೂ ಕಣ್ಣಲ್ಲೇ ತೂಗಿದಳು. ಕಣ್ಣು ನೋಡಿದಳು, ಕಿವಿರು ನೋಡಿದಳು. ಕೊನೆಗೂ ತಲೆ ಇರುವ ಸಾಮನ್. ಇವು ಮೇಲೆ ಹೋಗಿ ಮೊಟ್ಟೆಯಿಟ್ಟು ಸಾಯುತ್ತವಮ್ಮ, ಇಲ್ಲಿ ಯಾರೂ ಹಿಡಿಯೋ ಹಾಗಿಲ್ಲ ಅಂದೆ.

"ಮತ್ತೆ ಇವ್ರೆಲ್ಲ ಎಂತಕ್ಕೆ ಬಂದದ್?" ಅಂತ ಸುತ್ತ ನಿಂತವರನ್ನು ತೋರಿಸಿದಳು. "ಸುಮ್ನೆ ಕಾಂತಾ ನಿಂತ್ಕಂಬ್ದಾ?"

ಊರಿಗೆ ಹೊರಡುವಾಗ ಅವಳ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟು, ಅಣ್ಣನ ಮಕ್ಕಳಿಗೆ ಶೂ ಎಲ್ಲಾ ತುಂಬಿದ ಮೇಲೆ ತೂಕ ನೋಡಿದರೆ ಎರಡು ಕೆ.ಜಿ. ಜಾಗ ಇತ್ತು. ಅಡುಗೆಮನೆಗೆ ಹೋಗಿ ನಾಲ್ಕು ಡಬ್ಬಿ ತಂದು ಸೀರೆಯ ಮಧ್ಯೆ ಸುತ್ತಿಟ್ಟಳು. ಮುಂದಿನ ಮಳೆಗಾಲಕ್ಕಂತೆ.