ಕರಗುವ ಅಂಕಿಗಳು

ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯು 1931ರಲ್ಲಿ, ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿ ಜೋತುಬಿದ್ದ ಗಡಿಯಾರಗಳ ಚಿತ್ರವನ್ನು ಬರೆದನು. ಅವನ ಹೆಸರನ್ನು ಹೊತ್ತ ಗಡಿಯಾರವೊಂದು ಗಣಕಯಂತ್ರದ ತೆರೆಯ ಮೇಲೂ ಉಂಟು. ಅದರಲ್ಲಿ ಮೂರು ನಾಲ್ಕಾಗುವಾಗ ಅಂಕಿಯು ತಟ್ಟನೆ ಬದಲಾಗದೆ, ಕರಗಿ ಹರಿದು ಮುಂದಿನ ಅಂಕಿಯ ರೂಪವನ್ನು ತಾಳುವುದು. ನೋಡುತ್ತ ಕುಳಿತವನಿಗೆ ಹೊತ್ತು ಹೋದುದೇ ತಿಳಿಯದು. ಗಡಿಯಾರಕ್ಕೆ ಇದು ಗುಣವೋ ದೋಷವೋ ವಾಚಕರೇ ನಿರ್ಣಯಿಸಲಿ.

ಇದನ್ನು ಮೊದಲು ರಚಿಸಿದವರು ಸ್ಟೀವ್ ಕ್ಯಾಪ್ಸ್. ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ 1973ರಲ್ಲಿ ಸಿದ್ಧವಾದ ಆಲ್ಟೋ ಯಂತ್ರಕ್ಕಾಗಿ ಅವರು ಬರೆದ ಈ ಆಟಿಕೆಯು ಬಳಿಕ ಮ್ಯಾಕಿಂಟಾಷ್ ಯಂತ್ರಕ್ಕೂ ಬಂದಿತು. 1991ರಲ್ಲಿ ಜೇಮಿ ಜವಿನ್‌ಸ್ಕಿ ಎಂಬವರು ಯೂನಿಕ್ಸ್ ಯಂತ್ರಗಳ ಎಕ್ಸ್ ವಿಂಡೋ ವ್ಯವಸ್ಥೆಗಾಗಿ ಇದನ್ನು ಹೊಸದಾಗಿ ಬರೆದರು. ಮುಂದೆ ಪಾಮ್ ಕೈಯಂತ್ರ, ಮ್ಯಾಕ್ ಓಎಸ್ ಎಕ್ಸ್, ಐಫೋನ್, ವೆಬ್ ಬ್ರೌಸರು ಇವುಗಳಿಗೂ ಒಯ್ದರು.

ಕರಗುವಿಕೆಯ ಗುಟ್ಟು ಅತಿ ಸರಳವಾದುದು. ಅಂಕಿಯ ಚಿತ್ರವನ್ನು ಅಡ್ಡಸಾಲುಗಳಾಗಿ ಸೀಳಿ, ಪ್ರತಿಯೊಂದು ಸಾಲಿನಲ್ಲಿ ಬಣ್ಣವು ಎಲ್ಲಿ ತೊಡಗಿ ಎಲ್ಲಿ ಮುಗಿಯುವುದೆಂಬುದನ್ನು ಮಾತ್ರ ಬರೆದಿಟ್ಟುಕೊಳ್ಳುವರು. ಏಳು ಎಂಟಾಗುವಾಗ ಆ ತುದಿಗಳು ಹಳೆಯ ಸ್ಥಾನದಿಂದ ಹೊಸ ಸ್ಥಾನಕ್ಕೆ ಸಮಗತಿಯಿಂದ ಸರಿಯುವುವು. ಏಳರಲ್ಲಿ ಒಂದೇ ತುಂಡಾಗಿದ್ದ ಸಾಲು ಎಂಟರ ತೂತು ಬರುವೆಡೆಯಲ್ಲಿ ಸೀಳಿ ಎರಡಾಗುವುದು. ಕೂಡುವುದು, ಕಳೆಯುವುದು, ಭಾಗಿಸುವುದು, ಇಷ್ಟೇ ಗಣಿತ. ಯಾವ ಬಡ ಯಂತ್ರವೂ ಇದನ್ನು ನಿರ್ವಹಿಸಬಲ್ಲದು.

ಕಷ್ಟವಿರುವುದು ಈ ಲೆಕ್ಕದಲ್ಲಲ್ಲ. ಬಿಡಾರ ಬದಲಿಸಿದ ಅಡಿಗೆಯವನಿಗೆ ಸಾರಿನ ಹದ ಮರೆಯದು; ಒಲೆ ಮಾತ್ರ ಹೊಸದು, ಸೌದೆ ಎಲ್ಲಿದೆಯೋ ತಿಳಿಯದು. ಎಕ್ಸ್ ವ್ಯವಸ್ಥೆಯಲ್ಲಿ ಈ ಕಾರ್ಯಕ್ರಮವು ತಾನೇ ಎಚ್ಚರವಾಗಿದ್ದು, ಹೊತ್ತು ನೋಡಿ ಚಿತ್ರ ಬರೆಯುವುದು. ಐಫೋನಿನಲ್ಲಿ ಅಂತಹ ಸ್ವಾತಂತ್ರ್ಯವಿಲ್ಲ. ಯಂತ್ರವು ಕರೆದಾಗ ಬಂದು ಬರೆಯಬೇಕು, ಒಡೆಯನು ಬೇರೆ ಕೆಲಸಕ್ಕೆ ತಿರುಗಿದೊಡನೆ ಸುಮ್ಮನಾಗಬೇಕು, ಇಲ್ಲವಾದರೆ ಬ್ಯಾಟರಿಯು ವ್ಯರ್ಥವಾಗಿ ಬರಿದಾಗುವುದು. ಪಾಮ್ ಯಂತ್ರದ ಮೊದಲ ಮಾದರಿಗಳ ತೆರೆಯಾದರೋ 160 ಚುಕ್ಕೆಗಳ ಅಗಲದ್ದು. ಮ್ಯಾಕ್ ಓಎಸ್ ಎಕ್ಸಿನಲ್ಲಿ ಅದೇ ಗಡಿಯಾರಕ್ಕೆ ಎರಡು ವೇಷ: ಒಂದು ಕಿಟಕಿಯೊಳಗೆ ನಿಲ್ಲುವುದು, ಇನ್ನೊಂದು ಸ್ಕ್ರೀನ್‌ಸೇವರ್ ಆಗಿ ತೆರೆಯನ್ನೆಲ್ಲ ಆವರಿಸುವುದು. ಗಾಜಿನ ಕೊಳವೆಯ ತೆರೆಗಳಿದ್ದ ಕಾಲದಲ್ಲಿ ಒಂದೇ ಚಿತ್ರವು ಬಹುಕಾಲ ನಿಂತರೆ ಒಳಲೇಪವು ಸವೆದು ಕಲೆ ಉಳಿಯುತ್ತಿದ್ದಿತು. ಸ್ಕ್ರೀನ್‌ಸೇವರುಗಳು ಹುಟ್ಟಿದುದೇ ಅದನ್ನು ತಪ್ಪಿಸಲು.

ಕೈಯಲ್ಲಿರುವ ಪ್ರತಿಯೊಂದು ಫೋನೂ ಹೊತ್ತು ತೋರಿಸುತ್ತಿರುವಾಗ ಇಷ್ಟು ಶ್ರಮವೇಕೆಂದು ಕೇಳುವವರು ಕೇಳಲಿ. ಆಲ್ಟೋ ಈಗ ವಸ್ತುಸಂಗ್ರಹಾಲಯದ ವಸ್ತು. ಪಾಮ್ ಕೈಯಂತ್ರಗಳು ಅಂಗಡಿಗಳಿಂದ ಮರೆಯಾಗಿ ವರ್ಷಗಳಾದುವು. ಅವುಗಳ ಮೇಲೆ ಕರಗುತ್ತಿದ್ದ ಐದು ಮಾತ್ರ, ಬ್ರೌಸರಿನ ಒಂದು ಪುಟದಲ್ಲಿ, ಅದೇ ನಿಧಾನದಿಂದ ಆರಾಗುತ್ತಿದೆ.