ಹಂಚಿನೂರಿನ ಮನೆಗಳು ಉಸಿರಾಡಲಿ

ಶಿರಾಡಿ ಘಟ್ಟ ಇಳಿದು ಬಂಟ್ವಾಳ ದಾಟುತ್ತಿದ್ದಂತೆ ಬಸ್ಸಿನ ಕಿಟಕಿಯಿಂದ ನುಗ್ಗುವ ಗಾಳಿಯ ಗುಣವೇ ಬದಲಾಗುತ್ತದೆ. ಮೈಗೆ ಅಂಟಿಕೊಳ್ಳುವ, ಬೆವರನ್ನು ಆರಗೊಡದ ಕಡಲ ಗಾಳಿ ಅದು. ಮಂಗಳೂರಿನಲ್ಲಿ ಮನೆ ಕಟ್ಟುವುದೆಂದರೆ ಈ ಗಾಳಿಯೊಡನೆ ಒಪ್ಪಂದ ಮಾಡಿಕೊಂಡಂತೆ. ಒಪ್ಪಂದ ಮುರಿದರೆ ದಂಡ ತೆರಬೇಕಾದವರು ಮನೆಯೊಳಗಿನವರು, ಅವರಲ್ಲೂ ಮುಖ್ಯವಾಗಿ ಮಕ್ಕಳು.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಆಟಿಯ ಮಳೆ ಹಿಡಿದರೆ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದು. ಪುಸ್ತಕದ ರಟ್ಟು, ಚರ್ಮದ ಬೆಲ್ಟು, ಕಪಾಟಿನ ಹಿಂದಿನ ಗೋಡೆ ಎಲ್ಲದರ ಮೇಲೂ ಬೂಷ್ಟು. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಹೊಸ ಪುಸ್ತಕ ಹಿಡಿದು ಓದಲು ಕುಳಿತ ಹುಡುಗ ಮಧ್ಯೆ ಮಧ್ಯೆ ಕೆಮ್ಮುತ್ತಿದ್ದರೆ ತಾಯಿ ಮಳೆಯನ್ನು ಬೈಯುತ್ತಾಳೆ. ಆದರೆ ಕೆಲವೊಮ್ಮೆ ತಪ್ಪು ಮಳೆಯದಲ್ಲ, ಗೋಡೆಯದು.

ಜೆಪ್ಪುವಿನ ಕೊಡುಗೆ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1860ರ ದಶಕದಲ್ಲಿ ನೇತ್ರಾವತಿ ದಡಕ್ಕೆ ಸಮೀಪದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಇದರ ಹಿಂದಿದ್ದವರು ಜಾರ್ಜ್ ಪ್ಲೆಬ್ಸ್ಟ್. ನದಿಯ ಜೇಡಿಮಣ್ಣು, ಒಲೆಗೆ ಸೌದೆ, ಸಾಗಿಸಲು ದೋಣಿ ಮೂರೂ ಕೈಗೆಟಕುವಲ್ಲೇ ಇದ್ದವು. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರುವ ಕೆಂಪು ಹಂಚು ಹಡಗೇರಿ ದೂರದ ನಾಡುಗಳಿಗೂ ಹೋಯಿತು. ಕಾಲ ಸರಿದಂತೆ ಮಂಗಳೂರಿನ ಬಹಳಷ್ಟು ಹಂಚಿನ ಕಾರ್ಖಾನೆಗಳು ಬಾಗಿಲು ಹಾಕಿದವು. ಆದರೂ ಊರಿನ ಹೆಸರು ಹಂಚಿನ ಜೊತೆ ಉಳಿದಿದೆ.

ಹಂಚಿನ ಮಾಡಿನ ಗುಟ್ಟು ಬಹಳ ಸರಳ. ಬಿಸಿಗಾಳಿ ಹಗುರ, ಅದು ಮೇಲೇರಿ ಹಂಚುಗಳ ನಡುವಿನ ಸಂದಿಯಿಂದ ಹೊರಬೀಳುತ್ತದೆ. ಆ ಜಾಗಕ್ಕೆ ಕಿಟಕಿಯಿಂದ ಹೊಸ ಗಾಳಿ ಬರುತ್ತದೆ. ಇಳಿಜಾರು ಕಡಿದಾಗಿರುವುದರಿಂದ ನೀರು ನಿಲ್ಲುವುದಿಲ್ಲ. ಗೋಡೆಯಿಂದ ಹೊರಗೆ ಚಾಚಿದ ಮಾಡು ಕೆಂಪುಕಲ್ಲಿನ ಗೋಡೆಯನ್ನು ಇರಚಲಿನಿಂದ ಕಾಯುತ್ತದೆ. ಜಗಲಿಯಂತೂ ಬಿಸಿಲಿಗೂ ಮಳೆಗೂ ಮಧ್ಯದ ಬೇಲಿ.

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಹಂಚು ಒಡೆದರೆ ಸೋರುತ್ತದೆ, ಅಟ್ಟದಿಂದ ಧೂಳು ಉದುರುತ್ತದೆ, ಪಕ್ಕಾಸಿಗೆ ಗೆದ್ದಲು ಹಿಡಿಯುತ್ತದೆ. ಸೌದೆ ಒಲೆಯ ಹೊಗೆ ಹಂಚಿನ ಸಂದಿ ಸೇರುವ ಮೊದಲು ಅಡುಗೆ ಮಾಡುವವಳ ಕಣ್ಣನ್ನೂ ಶ್ವಾಸಕೋಶವನ್ನೂ ಹೊಕ್ಕು ಬರುತ್ತಿತ್ತು. ಅಜ್ಜಿಯಂದಿರ ಕೆಮ್ಮಿಗೆ ಈ ಹೊಗೆಯ ಪಾಲೂ ಇತ್ತು.

ಕಾಂಕ್ರೀಟು ಬಂದ ಮೇಲೆ

ಹಂಚು ಇಳಿದು ತಾರಸಿ ಬಂದಾಗ ಸೋರುವ ಚಿಂತೆ ತಪ್ಪಿತೆಂದು ಜನ ನಂಬಿದರು. ಆದರೆ ಚಪ್ಪಟೆ ತಾರಸಿಯ ಬಿರುಕಿನಲ್ಲಿ ನೀರು ಇಳಿಯಿತು. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಆ ಕಾವನ್ನು ಮಲಗಿದವರ ಮೇಲೆ ಬಿಟ್ಟಿತು. ಇಂದು ಬಾವುಟಗುಡ್ಡೆಯ ಮೇಲೆ ನಿಂತು ನೋಡಿದರೆ ಎಷ್ಟೋ ತಾರಸಿಗಳ ಮೇಲೆ ಇಳಿಜಾರಾದ ತಗಡಿನ ಶೀಟು ಕಾಣುತ್ತದೆ. ಕೆಳಗಿಳಿಸಿದ ಮಾಡನ್ನೇ ಊರು ಮತ್ತೊಮ್ಮೆ ತಲೆಯ ಮೇಲೆ ಹೊತ್ತಿದೆ!

ಕಿಟಕಿ ಮುಚ್ಚಲು ಇನ್ನೊಂದು ಕಾರಣ ಸೊಳ್ಳೆ. 1990ರ ದಶಕದಲ್ಲಿ ಮಲೇರಿಯಾ ಮಂಗಳೂರನ್ನು ಕಾಡಿತು. ಇದನ್ನು ಹರಡುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆ ಮೊಟ್ಟೆಯಿಡುವುದು ಚರಂಡಿಯ ಕೊಳಕಿಗಿಂತ ಹೆಚ್ಚಾಗಿ ತೆರೆದ ಟ್ಯಾಂಕು, ಬಾವಿ, ಕಟ್ಟಡ ಕೆಲಸದ ಸ್ಥಳದಲ್ಲಿ ನಿಂತ ತಿಳಿನೀರಿನಲ್ಲಿ. ಸಂಜೆಯಾಗುತ್ತಲೇ ಕಿಟಕಿ ಬಂದ್. ಒಳಗೆ ಸೊಳ್ಳೆಬತ್ತಿಯ ಹೊಗೆ, ಒಗ್ಗರಣೆಯ ಹೊಗೆ, ಒದ್ದೆ ಬಟ್ಟೆಯ ಆವಿ. ಮನೆಯವರು ಉಸಿರಾಡುವುದು ಅದನ್ನೇ. ಗೋಡೆಗೆ ತೂಗುಹಾಕಿದ ಸಾಮಾನ್ಯ ಎ.ಸಿ. ಕೋಣೆಯ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ ಎಂಬುದು ಹಲವರಿಗೆ ತಿಳಿದಿರುವುದಿಲ್ಲ.

ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ಮದ್ದೂ ಅದರಲ್ಲೇ ಇದೆ: ಮೊದಲು ತೇವವನ್ನು ತಡೆಯಿರಿ. ಬೂಷ್ಟು ಹಿಡಿದ ಗೋಡೆಗೆ ಬಣ್ಣ ಬಳಿಯುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ.

ಮನೆ ಕೆಡವದೆ ಮಾಡಬಹುದಾದ್ದು

ಹೊಸ ಮನೆ ಕಟ್ಟುವವರು ಎದುರುಬದುರು ಕಿಟಕಿ, ಅಗಲವಾದ ಸಜ್ಜಾ ಇಟ್ಟರೆ ಅರ್ಧ ಕೆಲಸ ಆದಂತೆ. ಇರುವ ಮನೆಗೂ ದಾರಿಯಿದೆ. ಮೇ ತಿಂಗಳಲ್ಲೇ ಬಿರುಕು, ಪೈಪು, ಒಡೆದ ಹಂಚು ನೋಡಿಸಬೇಕು. ಕಿಟಕಿಗೆ ಸೊಳ್ಳೆ ಪರದೆ ಹೊಡೆಸಿದರೆ ಗಾಳಿಯೂ ಬರುತ್ತದೆ, ಸೊಳ್ಳೆಯೂ ಹೊರಗಿರುತ್ತದೆ. ಟ್ಯಾಂಕಿಗೆ ಬಿಗಿಯಾದ ಮುಚ್ಚಳ, ಅಡುಗೆ ಕೋಣೆಗೂ ಬಚ್ಚಲಿಗೂ ಗಾಳಿ ಹೊರದಬ್ಬುವ ಫ್ಯಾನು ಬೇಕು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿದರೆ ಹಿಂದೆ ಗಾಳಿಯಾಡುತ್ತದೆ. ತಾರಸಿಯ ಮೇಲೆ ಶೀಟು ಹಾಕಿಸುವವರು ಬದಿಗಳನ್ನು ಮುಚ್ಚದಿದ್ದರೆ ಕಾವು ಹೊರಟುಹೋಗುತ್ತದೆ, ಬಟ್ಟೆ ಒಣಗಲೂ ಜಾಗ ಸಿಗುತ್ತದೆ. ಮಕ್ಕಳು ಮಲಗುವ ಕೋಣೆಯಲ್ಲಿ ಬಟ್ಟೆ ಒಣಗಿಸುವುದನ್ನು ಮಾತ್ರ ಬಿಡಬೇಕು.

ತರಗತಿಗೂ ಇದೇ ಮಾತು. ಐವತ್ತು ಮಕ್ಕಳು ಕಿಟಕಿ ಮುಚ್ಚಿ ಕುಳಿತರೆ ಅವರ ಉಸಿರಿನಿಂದಲೇ ಇಂಗಾಲದ ಡೈ ಆಕ್ಸೈಡ್ ಏರುತ್ತದೆ, ತೂಕಡಿಕೆ ಬರುತ್ತದೆ. ಮಧ್ಯಾಹ್ನದ ಪಾಠದಲ್ಲಿ ಆಕಳಿಸುವ ವಿದ್ಯಾರ್ಥಿಯನ್ನು ಗದರುವ ಮೊದಲು ಮೇಷ್ಟ್ರು ಒಮ್ಮೆ ಕಿಟಕಿಯತ್ತ ನೋಡಬಹುದು.

ಜೋರು ಮಳೆ ಒಂದು ಗಳಿಗೆ ನಿಂತಾಗ ಮಂಗಳೂರಿನ ಹಳೆಯ ಮನೆಗಳಲ್ಲಿ ಹಿರಿಯರು ಮೊದಲು ಮಾಡುತ್ತಿದ್ದ ಕೆಲಸ ಕಿಟಕಿ ಬಾಗಿಲು ತೆರೆಯುವುದು. ಖರ್ಚಿಲ್ಲದ ಆ ಪಾಠವನ್ನು ಹೊಸ ಮನೆಗಳ ಮಕ್ಕಳೂ ಕಲಿತರೆ, ಈ ಊರಿನ ಗಾಳಿಯೊಡನೆ ಮಾಡಿಕೊಂಡ ಒಪ್ಪಂದ ಇನ್ನೊಂದು ತಲೆಮಾರಿಗೆ ಮುಂದುವರಿಯುತ್ತದೆ.